ಇನ್ನೊಂದು ಅಪ್ಲಿಕೇಶನ್ ಕೈ ಕೊಟ್ಟಾಗ ನಮ್ಮ ಕೋಡ್ ಏನು ಮಾಡಬೇಕು

ಒಂದು ಪಟ್ಟಿಯಲ್ಲಿ 40 ಎಕ್ಸೆಲ್ ಫೈಲ್‌ಗಳ ಹೆಸರಿವೆ. ಒಂದೊಂದನ್ನೂ ತೆರೆಯಬೇಕು, ಮೊದಲ ಶೀಟ್‌ನ ಒಂದು ಸೆಲ್‌ನಲ್ಲಿರುವ ಮೊತ್ತ ಓದಬೇಕು, ಅದನ್ನು ಪಟ್ಟಿಯಲ್ಲಿ ಆ ಫೈಲ್‌ನ ಹೆಸರಿನ ಮುಂದೆ ಬರೆಯಬೇಕು, ಫೈಲ್ ಮುಚ್ಚಿ ಮುಂದಿನದಕ್ಕೆ ಹೋಗಬೇಕು. ಇಷ್ಟೇ ಕೆಲಸ. ನಾನು ಶುರುವಿನಲ್ಲಿ ಬರೆದ ಆಟೊಮೇಶನ್‌ಗಳಲ್ಲಿ ಇದೂ ಒಂದು. ವರ್ಡ್ ಒಳಗೆ ವಿಬಿಎಯಲ್ಲಿ, ಅಂದರೆ ಆಫೀಸ್ ಅಪ್ಲಿಕೇಶನ್‌ಗಳ ಒಳಗೇ ಇರುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಬರೆದ ಕೋಡ್, ಅದು ಎಕ್ಸೆಲ್ ಅನ್ನು ತೆರೆದು ನಡೆಸುತ್ತಿತ್ತು. ಕೋಡ್‌ನ ಮೊದಲ ಸಾಲಿನಲ್ಲೇ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಅಂತ ಹಾಕಿದ್ದೆ. ಎರರ್ ಬಂದರೂ ನಿಲ್ಲದೆ ಮುಂದಿನ ಸಾಲಿಗೆ ಹೋಗು ಅಂತ ಅದರ ಅರ್ಥ. ಅದನ್ನು ಹಾಕಿದ ಮೇಲೆ ಎರರ್ ಬಾಕ್ಸ್ ಬರುವುದು ನಿಂತಿತು. ಕೆಲಸ ಸರಿಹೋಯಿತು ಅಂದುಕೊಂಡೆ.

ಎರಡು ವಾರ ಆದ ಮೇಲೆ ಆ ಪಟ್ಟಿ ಬಳಸುವವರೊಬ್ಬರು ಬಂದು ಕೇಳಿದರು: 16ನೇ ಸಾಲು, 17ನೇ ಸಾಲು ಎರಡರಲ್ಲೂ ದಿನಾ ಒಂದೇ ಮೊತ್ತ ಯಾಕೆ ಬರುತ್ತಿದೆ?

ನಡೆದದ್ದು ಹೀಗೆ. 17ನೇ ಫೈಲ್ ಅನ್ನು ಯಾರೋ ಬೇರೆ ಫೋಲ್ಡರ್‌ಗೆ ಸಾಗಿಸಿದ್ದರು. ಹಾಗಾಗಿ ಅದನ್ನು ತೆರೆಯುವ ಸಾಲಿನಲ್ಲಿ ಎರರ್ ಬಂತು. ಕೋಡ್ ಅದನ್ನು ಲೆಕ್ಕಿಸದೆ ಮುಂದಿನ ಸಾಲಿಗೆ ಹೋಯಿತು. ವರ್ಕ್‌ಬುಕ್ ಇಟ್ಟುಕೊಳ್ಳುವ ವೇರಿಯಬಲ್‌ನಲ್ಲಿ ಇನ್ನೂ 16ನೇ ಫೈಲ್‌ನ ರೆಫರೆನ್ಸ್, ಅಂದರೆ ಅದನ್ನು ತೋರಿಸುವ ಕೊಂಡಿ, ಇತ್ತು, ಆದರೆ ಆ ಫೈಲ್ ಆಗಲೇ ಮುಚ್ಚಿಹೋಗಿತ್ತು, ಆದ್ದರಿಂದ ಮೊತ್ತ ಓದುವ ಸಾಲಿನಲ್ಲೂ ಎರರ್ ಬಂತು, ಅದನ್ನೂ ದಾಟಿಕೊಂಡು ಹೋಯಿತು. ಮೊತ್ತದ ವೇರಿಯಬಲ್‌ನಲ್ಲಿ ಏನಿತ್ತು? 16ನೇ ಫೈಲ್‌ನ ಮೊತ್ತ. ಅದನ್ನೇ 17ರ ಮುಂದೆ ಬರೆಯಿತು. ಬರೆಯುವ ಸಾಲಿನಲ್ಲಿ ಮಾತ್ರ ಯಾವ ಎರರ್ ಕೂಡ ಇರಲಿಲ್ಲ.

ಗಮನಿಸಿ, ಕೋಡ್ ನಿಂತುಹೋಗಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಅರ್ಧ ಗಂಟೆಯಲ್ಲಿ ಸರಿ ಮಾಡಬಹುದಿತ್ತು. ಆದರೆ ತಪ್ಪು ಸಂಖ್ಯೆಯೊಂದು ಸರಿಯಾದ ಸಂಖ್ಯೆಯ ವೇಷ ಹಾಕಿಕೊಂಡು ಎರಡು ವಾರ ಓಡಾಡಿತು. ಇವತ್ತು ನಾನು ಹೇಳುವ ಎಲ್ಲವೂ ಈ 17ನೇ ಸಾಲಿನ ಸುತ್ತಲೇ ಇದೆ.

'ರೆಸ್ಯೂಮ್ ನೆಕ್ಸ್ಟ್' ಅಂದರೆ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಹಾಗೆ. ನಾವು ನೋಡಲಿಲ್ಲ ಅಂದ ಮಾತ್ರಕ್ಕೆ ಎರರ್ ಆಗಲಿಲ್ಲ ಅಂತಲ್ಲ. ಅದಕ್ಕೂ ಒಂದು ನ್ಯಾಯವಾದ ಬಳಕೆ ಇದೆ, ಇಲ್ಲ ಅನ್ನುವುದಿಲ್ಲ. ಒಂದು ಶೀಟ್ ಇದೆಯೋ ಇಲ್ಲವೋ ನೋಡಬೇಕು ಅಂದುಕೊಳ್ಳಿ. ಅದನ್ನು ಆನ್ ಮಾಡಿ, ಒಂದೇ ಸಾಲಿನಲ್ಲಿ ಆ ಶೀಟ್ ಅನ್ನು ಕೇಳಿ, ತಕ್ಷಣ ಎರರ್ ಸಂಖ್ಯೆ ನೋಡಿ, 'ಆನ್ ಎರರ್ ಗೋಟು 0' ಬರೆದು ಆಫ್ ಮಾಡಿ. ಅಷ್ಟು ಸರಿ. ಇಡೀ ಪ್ರೊಸೀಜರ್‌ಗೆ, ಅಂದರೆ ಒಂದು ಹೆಸರಿನಡಿ ಬರೆದ ಇಡೀ ಕೋಡ್ ತುಂಡಿಗೆ, ಹೊದಿಸಿದಾಗ ತೊಂದರೆ ಶುರು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ನೀವು ಮೇಲಿನ ಪ್ರೊಸೀಜರ್‌ನಲ್ಲಿ 'ರೆಸ್ಯೂಮ್ ನೆಕ್ಸ್ಟ್' ಹಾಕಿದ್ದೀರಿ. ಅದು ಇನ್ನೊಂದು ಪ್ರೊಸೀಜರ್ ಅನ್ನು ಕರೆಯುತ್ತದೆ. ಆ ಒಳಗಿನದರಲ್ಲಿ ಎರರ್ ಹ್ಯಾಂಡ್ಲರ್, ಅಂದರೆ ಎರರ್ ಬಂದಾಗ ಏನು ಮಾಡಬೇಕು ಅಂತ ಹೇಳುವ ಭಾಗ, ಇಲ್ಲ. ಒಳಗೆ 20 ಸಾಲು ಇವೆ, 3ನೇ ಸಾಲಿನಲ್ಲಿ ಎರರ್ ಬಂತು. ಆಗ 4ನೇ ಸಾಲು ಓಡುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ. ಇಲ್ಲ. ಎರರ್ ಮೇಲಕ್ಕೆ, ಕರೆದ ಪ್ರೊಸೀಜರ್‌ಗೆ ಬರುತ್ತದೆ. ಅಲ್ಲಿ ಕರೆದ ಸಾಲಿನ ಮುಂದಿನ ಸಾಲಿನಿಂದ ಓಟ ಶುರುವಾಗುತ್ತದೆ. ಅಂದರೆ ಒಳಗಿನ ಉಳಿದ 17 ಸಾಲುಗಳು ಓಡುವುದೇ ಇಲ್ಲ. ಫೈಲ್ ಮುಚ್ಚುವ ಸಾಲು ಅಲ್ಲಿದ್ದರೆ ಆ ಫೈಲ್ ಹಾಗೇ ತೆರೆದಿರುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ನಾವು ಸ್ಟ್ರಕ್ಚರ್ಡ್ ಎರರ್ ಹ್ಯಾಂಡ್ಲಿಂಗ್ ಅನ್ನುವುದು. ಟ್ರೈ, ಕ್ಯಾಚ್, ಫೈನಲಿ: ಟ್ರೈ ಒಳಗೆ ಕೆಲಸ, ಎರರ್ ಬಂದರೆ ಕ್ಯಾಚ್, ಕೊನೆಗೆ ಏನೇ ಆದರೂ ಫೈನಲಿ. ಇದೇನೂ ನಿನ್ನೆ ಮೊನ್ನೆಯ ಯೋಚನೆ ಅಲ್ಲ. ಎಕ್ಸೆಪ್ಶನ್‌ಗಳನ್ನು, ಅಂದರೆ ಕೋಡ್‌ನ ಓಟವನ್ನು ಅಲ್ಲೇ ಮುರಿದು ಮೇಲಕ್ಕೆ ಹೋಗುವ ಎರರ್‌ಗಳನ್ನು, ಪ್ರೋಗ್ರಾಮಿಂಗ್ ಭಾಷೆಯೊಳಗೆ ಹೇಗೆ ಬರೆಯಬೇಕು ಅನ್ನುವುದರ ಬಗ್ಗೆ ಜಾನ್ ಗುಡ್‌ಇನಫ್ ಅವರ ಪ್ರಬಂಧ ಬಂದದ್ದು 1975ರಲ್ಲಿ. ಎಕ್ಸೆಲ್ ಒಳಗೆ ವಿಬಿಎ ಬಂದದ್ದು 1993ರಲ್ಲಿ, ಅದರಲ್ಲಿ ಇವತ್ತಿಗೂ ಟ್ರೈ ಇಲ್ಲ, 'ಆನ್ ಎರರ್' ಮಾತ್ರ ಇದೆ. ಅದರ ಮುಂದಿನ ಪೀಳಿಗೆಯ ವಿಬಿ ಡಾಟ್‌ನೆಟ್‌ಗೆ 2002ರಲ್ಲಿ ಟ್ರೈ ಬಂತು. ವಿಂಡೋಸ್‌ನ ಸ್ಕ್ರಿಪ್ಟ್ ಭಾಷೆ ಪವರ್‌ಶೆಲ್‌ಗೆ ಬಂದದ್ದು 2009ರ ಎರಡನೇ ಆವೃತ್ತಿಯಲ್ಲಿ.

ಸ್ಟ್ರಕ್ಚರ್ಡ್ ಅಂದರೆ ಏನು? ಎರರ್ ಬಂದರೆ ಎಲ್ಲಿಂದ ಎಲ್ಲಿಗೆ ಹೋಗುತ್ತೇವೆ ಅನ್ನುವುದು ಕೋಡ್‌ನ ಆಕಾರದಲ್ಲೇ ಕಾಣಬೇಕು. 'ಆನ್ ಎರರ್ ಗೋಟು' ಅನ್ನುವುದು ಒಂದು ಸ್ವಿಚ್. ಒಮ್ಮೆ ಹಾಕಿದರೆ ಇನ್ನೊಂದು ಸಾಲು ಬಂದು ಬದಲಾಯಿಸುವವರೆಗೆ, ಅಥವಾ ಪ್ರೊಸೀಜರ್ ಮುಗಿಯುವವರೆಗೆ, ಅದು ಆನ್ ಇರುತ್ತದೆ. 80ನೇ ಸಾಲು ಓದುವಾಗ ಯಾವ ಹ್ಯಾಂಡ್ಲರ್ ಜಾರಿಯಲ್ಲಿದೆ ಅಂತ ತಿಳಿಯಬೇಕಾದರೆ ಮೇಲಿನ 79 ಸಾಲು ಓದಬೇಕು. ಟ್ರೈ ಹಾಗಲ್ಲ. ಶುರು ಎಲ್ಲಿ, ಕೊನೆ ಎಲ್ಲಿ ಅಂತ ಕಣ್ಣಿಗೆ ಕಾಣುತ್ತದೆ. ಒಂದರೊಳಗೆ ಇನ್ನೊಂದು ಇಡಬಹುದು. ಎರರ್‌ನ ಜಾತಿ ನೋಡಿ ಬೇರೆ ಬೇರೆ ಕ್ಯಾಚ್ ಬರೆಯಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಏನೇ ಆದರೂ ಓಡುವ ಫೈನಲಿ ಅನ್ನುವ ಜಾಗ ಒಂದಿದೆ. ಇನ್ನೊಂದು ಅಪ್ಲಿಕೇಶನ್ ನಡೆಸುವಾಗ ನನಗೆ ಕ್ಯಾಚ್‌ಗಿಂತ ಫೈನಲಿಯೇ ಜಾಸ್ತಿ ಮುಖ್ಯ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಈ ಕೆಲಸ ಮಾಮೂಲಿ ಪ್ರೋಗ್ರಾಮಿಂಗ್‌ಗಿಂತ ಯಾಕೆ ಬೇರೆ ಅಂತ ನೋಡೋಣ. ನಿಮ್ಮ ಕೋಡ್ ಒಂದು ಪ್ರಾಸೆಸ್, ಅಂದರೆ ತನ್ನದೇ ಮೆಮೊರಿಯಲ್ಲಿ ಓಡುತ್ತಿರುವ ಪ್ರೋಗ್ರಾಂ; ಎಕ್ಸೆಲ್ ಇನ್ನೊಂದು ಪ್ರಾಸೆಸ್. ನೀವು 'ಈ ಸೆಲ್‌ನ ಬೆಲೆ ಕೊಡು' ಅಂದಾಗ ಆ ಮಾತು ಕಾಮ್ ಅನ್ನುವ ಏರ್ಪಾಡಿನ ಮೂಲಕ ಆ ಕಡೆಗೆ ಹೋಗಿ ಉತ್ತರ ಈ ಕಡೆಗೆ ಬರಬೇಕು. ಅಂದರೆ ತಪ್ಪಾಗುವುದಕ್ಕೆ ಮೂರು ಜಾಗ ಇವೆ. ನಿಮ್ಮ ಕೋಡ್ ತಪ್ಪಿರಬಹುದು. ಎಕ್ಸೆಲ್ ನಿಮ್ಮ ಮಾತು ಕೇಳಿಸಿಕೊಂಡು 'ಇದು ಆಗುವುದಿಲ್ಲ' ಅನ್ನಬಹುದು. ಅಥವಾ ಮಾತು ಆ ಕಡೆ ತಲುಪದೇ ಇರಬಹುದು. ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಆದರೆ ಕ್ಯಾಚ್‌ನಲ್ಲಿ ಮೂರೂ ಒಂದೇ ತರಹ ಕಾಣುತ್ತವೆ, ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯಲ್ಲಿ ಕಾಮ್ ಎಕ್ಸೆಪ್ಶನ್, ಪೈಥಾನ್‌ನಲ್ಲಿ ಕಾಮ್ ಎರರ್. ಒಳಗೆ ಒಂದು ದೊಡ್ಡ ಸಂಖ್ಯೆ.

ಆ ಸಂಖ್ಯೆ ನೋಡಿ ಹೆದರಬೇಡಿ. ಅದನ್ನು ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಪೈಥಾನ್‌ನಲ್ಲಿ ಎಕ್ಸೆಲ್ ನಡೆಸಿದವರು -2146827284 ಅನ್ನುವ ಸಂಖ್ಯೆಯನ್ನು ನೋಡಿಯೇ ಇರುತ್ತೀರಿ. ಅದನ್ನು ಹೆಕ್ಸ್‌ಗೆ, ಅಂದರೆ 0ಯಿಂದ 9 ಮತ್ತು ಎಯಿಂದ ಎಫ್ ಬಳಸುವ 16ರ ಎಣಿಕೆಗೆ, ತಿರುಗಿಸಿ: 800ಎ03ಇಸಿ. ಎಂಟು ಅಂಕೆ. ಮಧ್ಯದಲ್ಲಿ ಕತ್ತರಿಸಿ. ಬಲಗಡೆಯ ನಾಲ್ಕು, 03ಇಸಿ. ಅದನ್ನು ಮತ್ತೆ ದಶಮಾನಕ್ಕೆ ತಿರುಗಿಸಿದರೆ 1004. ವಿಬಿಎ ಬರೆದವರು ನಗುತ್ತಿದ್ದೀರಿ, ನಿಮಗೆ ಇದು ಹಳೆಯ ಪರಿಚಯ. ಎಕ್ಸೆಲ್ 'ಇದು ನನ್ನಿಂದ ಆಗಲಿಲ್ಲ' ಅಂತ ಹೇಳುವ ಎರರ್ 1004 ಇದೇ. ಅದೇ ಎರರ್, ಬೇರೆ ಬಟ್ಟೆ ಅಷ್ಟೆ.

ಎಡಗಡೆಯ ಅರ್ಧ ಎರರ್ ಎಲ್ಲಿಂದ ಬಂತು ಅಂತ ಹೇಳುತ್ತದೆ. 800ಎ ಅಂದರೆ ಅಪ್ಲಿಕೇಶನ್ ಕಡೆಯಿಂದ ಬಂದದ್ದು. 8001 ಅಂದರೆ ಎರಡು ಪ್ರಾಸೆಸ್‌ಗಳ ನಡುವಿನ ಮಾತುಕತೆಯಲ್ಲಿ ತೊಡಕು. 8007 ಅಂದರೆ ವಿಂಡೋಸ್‌ನ ಮಾಮೂಲಿ ಎರರ್, ಬಲಗಡೆಯ ಅರ್ಧದಲ್ಲಿ ವಿಂಡೋಸ್ ಎರರ್ ಸಂಖ್ಯೆ ಇರುತ್ತದೆ. 80070005ರಲ್ಲಿ ಬಲಗಡೆ 5, ಅಂದರೆ ಅನುಮತಿ ಇಲ್ಲ. 800706ಬಿಎಯಲ್ಲಿ ಬಲಗಡೆ 1722, ಅಂದರೆ ಆ ಕಡೆಯ ಸರ್ವರ್ ಸಿಗುತ್ತಿಲ್ಲ. ನಮ್ಮ ಲೆಕ್ಕದಲ್ಲಿ ಎಕ್ಸೆಲ್ ಸತ್ತುಹೋಗಿದೆ. ನಿಮ್ಮ ಲಾಗ್‌ನಲ್ಲಿ, ಅಂದರೆ ಕೋಡ್ ತಾನು ಮಾಡಿದ್ದನ್ನು ಬರೆದಿಡುವ ಫೈಲ್‌ನಲ್ಲಿ, ಈ ಸಂಖ್ಯೆಗಳನ್ನು ಹೆಕ್ಸ್‌ನಲ್ಲೇ ಬರೆಸಿ. ಒಂದು ತಿಂಗಳಲ್ಲಿ ನೋಡಿದ ತಕ್ಷಣ ಗುರುತು ಸಿಗುವಷ್ಟು ರೂಢಿಯಾಗುತ್ತದೆ.

ಗುರುತು ಸಿಕ್ಕ ಮೇಲೆ ಏನು ಮಾಡಬೇಕು? ನಾನು ಕ್ಯಾಚ್ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಎರರ್ ಬಂದರೆ ನಾನು ಇಲ್ಲಿ, ಈ ಸಾಲಿನಲ್ಲಿ ನಿಂತು, ಏನಾದರೂ ಮಾಡಬಲ್ಲೆನಾ? ಮಾಡಬಲ್ಲೆ ಅಂದರೆ ಹಿಡಿಯುತ್ತೇನೆ. ಇಲ್ಲ ಅಂದರೆ ಮೇಲಕ್ಕೆ ಬಿಡುತ್ತೇನೆ. ಸುಮ್ನೆ ಹಿಡಿದು ಲಾಗ್ ಬರೆದು ನುಂಗಿಬಿಡುವುದು 'ರೆಸ್ಯೂಮ್ ನೆಕ್ಸ್ಟ್' ಮಾಡುವ ಕೆಲಸವನ್ನೇ ಟ್ರೈ ಒಳಗೆ ಮಾಡಿದ ಹಾಗೆ. ಖಾಲಿ ಕ್ಯಾಚ್ ಬ್ಲಾಕ್ ಕಂಡರೆ ನನಗೆ ಆ 17ನೇ ಸಾಲು ನೆನಪಾಗುತ್ತದೆ.

ಮಾಡಬಲ್ಲ ಕೆಲಸಗಳಲ್ಲಿ ಮೊದಲನೆಯದು ಸ್ವಲ್ಪ ಕಾದು ಮತ್ತೆ ಕೇಳುವುದು. 80010001 ಅಂದರೆ ಆ ಕಡೆಯವರು ಕರೆಯನ್ನು ತಿರಸ್ಕರಿಸಿದರು ಅಂತ. ಯಾರೋ ಒಂದು ಸೆಲ್ ಒಳಗೆ ಕರ್ಸರ್ ಇಟ್ಟು ಟೈಪ್ ಮಾಡುತ್ತಿದ್ದಾರೆ, ಅಥವಾ ಒಂದು ಡೈಲಾಗ್ ಬಾಕ್ಸ್ ತೆರೆದಿದೆ, ಎಕ್ಸೆಲ್ ಬಿಡುವಾಗಿಲ್ಲ. ಇದು ನಿಜವಾದ ತಪ್ಪೇ ಅಲ್ಲ, 'ಆಮೇಲೆ ಬಾ' ಅಂದ ಹಾಗೆ. ಕಾಲು ಸೆಕೆಂಡ್ ಕಾಯಿರಿ, ಮತ್ತೆ ಕೇಳಿ, ಆಗಲಿಲ್ಲ ಅಂದರೆ ಸ್ವಲ್ಪ ಜಾಸ್ತಿ ಕಾಯಿರಿ, ಆದರೆ ಎಷ್ಟು ಸಲ ಅಂತ ಒಂದು ಮಿತಿ ಇರಲಿ. ಮಿತಿ ಇಲ್ಲದ ಮರುಪ್ರಯತ್ನ ಅಂದರೆ ರಾತ್ರಿಯಿಡೀ ತಿರುಗುವ ಲೂಪ್.

ಡಾಟ್‌ನೆಟ್ ಬಳಸುವವರಿಗೆ ಇದಕ್ಕೆ ಇನ್ನೂ ಚೊಕ್ಕ ದಾರಿ ಇದೆ, ಮೆಸೇಜ್ ಫಿಲ್ಟರ್ ಅಂತ. ಎಸ್‌ಟಿಎ ಥ್ರೆಡ್ ಮೇಲೆ, ಅಂದರೆ ಕಾಮ್ ಕರೆಗಳನ್ನು ಒಂದಾದ ಮೇಲೊಂದರಂತೆ ನಡೆಸುವ ಥ್ರೆಡ್ ಮೇಲೆ, ಅದನ್ನು ನೋಂದಾಯಿಸಿದರೆ, ಕರೆ ತಿರಸ್ಕೃತವಾದಾಗಲೆಲ್ಲ ಕಾಮ್ ನಿಮ್ಮನ್ನು 'ಏನು ಮಾಡಲಿ' ಅಂತ ಕೇಳುತ್ತದೆ. ನೀವು ಒಂದು ಸಂಖ್ಯೆ ವಾಪಸ್ ಕೊಡಬೇಕು. -1 ಕೊಟ್ಟರೆ ಬಿಟ್ಟುಬಿಡು ಅಂತ, 0ಯಿಂದ 99 ಕೊಟ್ಟರೆ ಈಗಲೇ ಮತ್ತೆ ಪ್ರಯತ್ನಿಸು ಅಂತ, 100 ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟರೆ ಅಷ್ಟು ಮಿಲಿಸೆಕೆಂಡ್ ಕಾದು ಪ್ರಯತ್ನಿಸು ಅಂತ. ಇದರಿಂದ ಪ್ರತಿ ಸಾಲಿಗೂ ಮರುಪ್ರಯತ್ನದ ಲೂಪ್ ಬರೆಯುವ ಕಾಟ ತಪ್ಪುತ್ತದೆ. ಆದರೆ 800ಎಸಿ472 ಅಂತ ಇನ್ನೊಂದು ಕೋಡ್ ಇದೆ, ಅದೂ ಎಕ್ಸೆಲ್ ಬಿಡುವಿಲ್ಲದಿದ್ದಾಗ ಬರುವುದೇ. ಅದು ಕರೆ ತಲುಪಿದ ಮೇಲೆ ಎಕ್ಸೆಲ್ ಕೊಡುವ ಉತ್ತರ, ತಿರಸ್ಕಾರ ಅಲ್ಲ, ಹಾಗಾಗಿ ಫಿಲ್ಟರ್‌ಗೆ ಕಾಣುವುದಿಲ್ಲ. ಅದನ್ನು ಕ್ಯಾಚ್‌ನಲ್ಲೇ ಹಿಡಿಯಬೇಕು. ಇದು ಗೊತ್ತಿಲ್ಲದೆ ಫಿಲ್ಟರ್ ಹಾಕಿದ ಮೇಲೂ ಎರರ್ ಬರುತ್ತಿದೆಯಲ್ಲ ಅಂತ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ.

ಮರುಪ್ರಯತ್ನದ ಬಗ್ಗೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ತಿರಸ್ಕೃತವಾದ ಕರೆ ಆ ಕಡೆ ನಡೆದೇ ಇಲ್ಲ. ಅದನ್ನು ಮತ್ತೆ ಕರೆದರೆ ಅಪಾಯ ಇಲ್ಲ. ಆದರೆ 800706ಬಿಇ, ಅಂದರೆ 1726, ಬೇರೆ. ಕರೆ ಹೋಯಿತು, ಮಧ್ಯದಲ್ಲಿ ಏನೋ ಮುರಿಯಿತು. ಆ ಕಡೆ ಕೆಲಸ ನಡೆದಿರಬಹುದು, ನಡೆಯದೇ ಇರಬಹುದು. ಅದು ಸೆಲ್ ಓದುವ ಕರೆಯಾಗಿದ್ದರೆ ಚಿಂತೆ ಇಲ್ಲ. ಸಾಲು ಸೇರಿಸುವ ಕರೆಯೋ, ಪ್ರಿಂಟ್ ಮಾಡುವ ಕರೆಯೋ ಆಗಿದ್ದರೆ? ಔಟ್‌ಲುಕ್‌ನಿಂದ ಮೇಲ್ ಕಳಿಸುವ ಕರೆಯಾಗಿದ್ದರೆ? ಕಣ್ಣು ಮುಚ್ಚಿ ಮತ್ತೆ ಕರೆದರೆ ಒಬ್ಬರಿಗೇ ಎರಡು ಮೇಲ್ ಹೋಗಬಹುದು. ಅಂಥ ಕಡೆ ಮೊದಲು ನಡೆದಿದೆಯಾ ಅಂತ ನೋಡಿ, ಆಮೇಲೆ ಪ್ರಯತ್ನಿಸಿ. ಎಕ್ಸೆಲ್ ಸತ್ತಿದ್ದರಂತೂ ಹಳೆಯ ಆಬ್ಜೆಕ್ಟ್ ಮೇಲೆ ಎಷ್ಟು ಸಲ ಕರೆದರೂ ಪ್ರಯೋಜನ ಇಲ್ಲ, ಹೊಸದಾಗಿ ಎಕ್ಸೆಲ್ ತೆರೆದು ಆ ಫೈಲ್‌ನ ಕೆಲಸವನ್ನು ಮೊದಲಿನಿಂದ ಮಾಡಬೇಕು.

ಹೀಗೆ ಕೋಡ್ ನೋಡಿ ಬೇರೆ ಮಾಡುವುದಕ್ಕೆ ವಿಬಿ ಡಾಟ್‌ನೆಟ್‌ನಲ್ಲಿ ಮೊದಲಿನಿಂದಲೂ 'ಕ್ಯಾಚ್ ವೆನ್' ಇದೆ. ಸಿ ಶಾರ್ಪ್‌ಗೆ ಅದು 2015ರಲ್ಲಿ, ಆರನೇ ಆವೃತ್ತಿಯಲ್ಲಿ ಬಂತು. ಇಂಥ ಸಂಖ್ಯೆ ಇದ್ದಾಗ ಮಾತ್ರ ಹಿಡಿ, ಉಳಿದದ್ದನ್ನು ಮುಟ್ಟಬೇಡ ಅನ್ನಬಹುದು. ಪೈಥಾನ್‌ನಲ್ಲಾದರೆ ಹಿಡಿದು, ಸಂಖ್ಯೆ ನೋಡಿ, ನಮ್ಮದಲ್ಲ ಅಂದರೆ ಮತ್ತೆ ರೈಸ್ ಮಾಡಬೇಕು, ಅಂದರೆ ಮೇಲಕ್ಕೆ ಎಸೆಯಬೇಕು. ಅಲ್ಲಿ ಒಂದು ಸೂಕ್ಷ್ಮ ಇದೆ, ಕಾಮ್ ಎರರ್‌ನ ಮೊದಲ ಸಂಖ್ಯೆಯನ್ನು ಮಾತ್ರ ನೋಡಿದರೆ ಎಷ್ಟೋ ಸಲ 'ಎಕ್ಸೆಪ್ಶನ್ ಆಯಿತು' ಅನ್ನುವ ಸಾಮಾನ್ಯ ಕೋಡ್ ಅಷ್ಟೇ ಸಿಗುತ್ತದೆ, ಎಕ್ಸೆಲ್ ಹೇಳಿದ ಮಾತು ಮತ್ತು ಅದರ ಕೋಡ್ ಒಳಗಿನ ಮೂರನೇ ಭಾಗದಲ್ಲಿ, ಒಂದು ಟ್ಯುಪಲ್‌ನಲ್ಲಿ, ಅಂದರೆ ಬೆಲೆಗಳ ಸಣ್ಣ ಸಾಲಿನಲ್ಲಿ, ಕೂತಿರುತ್ತದೆ. ಅದನ್ನು ಬಿಚ್ಚಿ ನೋಡಿ.

ಪವರ್‌ಶೆಲ್‌ನವರಿಗೆ ಒಂದೇ ಮಾತು. ಅಲ್ಲಿ ಕಮಾಂಡ್‌ಗಳು ಕೊಡುವ ಎಷ್ಟೋ ಎರರ್‌ಗಳು ಓಟ ನಿಲ್ಲಿಸುವುದಿಲ್ಲ, ಕೆಂಪಕ್ಷರ ತೋರಿಸಿ ಮುಂದೆ ಹೋಗುತ್ತವೆ, ಅವು ನಿಮ್ಮ ಕ್ಯಾಚ್‌ಗೆ ಬರುವುದೇ ಇಲ್ಲ. 'ಎರರ್ ಆ್ಯಕ್ಷನ್ ಸ್ಟಾಪ್' ಅಂತ ಹೇಳಿದರೆ ಮಾತ್ರ ಬರುತ್ತವೆ. ಎಕ್ಸೆಲ್ ಆಬ್ಜೆಕ್ಟ್‌ನ ಮೆಥಡ್ ಕೊಡುವ ಎಕ್ಸೆಪ್ಶನ್ ಕ್ಯಾಚ್‌ಗೆ ಬರುತ್ತದೆ, ಫೈಲ್‌ಗಳನ್ನು ಹುಡುಕುವ ಕಮಾಂಡ್‌ನದ್ದು ಬರುವುದಿಲ್ಲ. ಒಂದೇ ಸ್ಕ್ರಿಪ್ಟ್‌ನಲ್ಲಿ ಎರಡು ನಡವಳಿಕೆ.

ಈಗ ಎಕ್ಸೆಪ್ಶನ್ ಅಂತ ಬರದೇ ಇರುವ ಎರರ್‌ಗಳಿಗೆ ಬರೋಣ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಜಾಸ್ತಿ ಅಪಾಯ ಇರುವುದು ಇಲ್ಲೇ. ಒಂದು ಸೆಲ್‌ನಲ್ಲಿ ಲೆಕ್ಕ ಕೈಕೊಟ್ಟಿದೆ, ಹುಡುಕಿದ್ದು ಸಿಗಲಿಲ್ಲ ಅನ್ನುವ ಎರರ್ ಅಲ್ಲಿ ಕಾಣುತ್ತಿದೆ. ಪೈಥಾನ್‌ನಿಂದಲೋ ಸಿ ಶಾರ್ಪ್‌ನಿಂದಲೋ ಆ ಸೆಲ್ ಓದಿದರೆ ಎಕ್ಸೆಪ್ಶನ್ ಬರುವುದಿಲ್ಲ. ಒಂದು ಪೂರ್ಣಾಂಕ ಬರುತ್ತದೆ: -2146826246. ಸೊನ್ನೆಯಿಂದ ಭಾಗಿಸಿದ ಎರರ್ ಇದ್ದರೆ -2146826281. ಮೊದಲಿನ ಹಾಗೆ ಕತ್ತರಿಸಿ ನೋಡಿದರೆ ಬಲಗಡೆ ಸಿಗುವುದು 2042 ಮತ್ತು 2007, ಎಕ್ಸೆಲ್‌ನ ಸೆಲ್ ಎರರ್ ಸಂಖ್ಯೆಗಳು. ಆದರೆ ನಿಮ್ಮ ಕೋಡ್‌ಗೆ ಅದು ಬರೀ ಒಂದು ಸಂಖ್ಯೆ. ಕೂಡಿಸುವ ಲೂಪ್ ಅದನ್ನೂ ಕೂಡಿಸುತ್ತದೆ, ಒಟ್ಟು ಮೊತ್ತದಿಂದ 214 ಕೋಟಿ ಸದ್ದಿಲ್ಲದೆ ಇಳಿಯುತ್ತದೆ. ಸಣ್ಣ ಸಂಖ್ಯೆಗಳ ಪಟ್ಟಿಯಾದರೆ ಯಾರಾದರೂ ಗಮನಿಸುತ್ತಾರೆ. ದೊಡ್ಡ ಸಂಖ್ಯೆಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಸ್ವಲ್ಪ ಆಚೆ ಹೋಗುತ್ತೇನೆ, ಯಾಕೆಂದರೆ ಇದೇ ತರಹದ ಘಟನೆ ಒಂದು ರಾಕೆಟ್‌ನಲ್ಲಿ ನಡೆದಿದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡ್‌ಗಳಲ್ಲಿ ಒಡೆದು ಚೂರಾಯಿತು. ಕಾರಣ ಹೇಳುವಾಗ ಎಲ್ಲರೂ ಒಂದು ಅಂಶ ಹೇಳುತ್ತಾರೆ, 64 ಬಿಟ್‌ನ ದಶಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತಿರುಗಿಸುವಾಗ ಅದು ಹಿಡಿಸಲಿಲ್ಲ, ಎಕ್ಸೆಪ್ಶನ್ ಬಂತು, ಹಿಡಿಯುವವರು ಇರಲಿಲ್ಲ ಅಂತ. ಅದು ನಿಜ. ಆದರೆ ನನ್ನನ್ನು ಕಾಡುವುದು ಅದರ ಮುಂದಿನ ಭಾಗ. ದಿಕ್ಕು ಹೇಳುವ ಘಟಕಗಳು ಎರಡಿದ್ದವು, ಎರಡರಲ್ಲೂ ಒಂದೇ ಸಾಫ್ಟ್‌ವೇರ್, ಬದಲಿಗೆ ಇಟ್ಟದ್ದೂ ಅದೇ ಕಾರಣಕ್ಕೆ ನಿಂತಿತ್ತು. ನಿಲ್ಲುವ ಮೊದಲು ಘಟಕ ತನ್ನ ದೋಷದ ಮಾಹಿತಿಯನ್ನು ಮುಖ್ಯ ಕಂಪ್ಯೂಟರ್‌ಗೆ ಕಳಿಸಿತು. ಮುಖ್ಯ ಕಂಪ್ಯೂಟರ್ ಅದನ್ನು ದೋಷದ ಮಾಹಿತಿ ಅಂತ ತಿಳಿಯಲಿಲ್ಲ. ಹಾರಾಟದ ಮಾಹಿತಿ ಅಂತ ಓದಿತು. ಅದನ್ನು ನಂಬಿ ಎಂಜಿನ್‌ಗಳ ದಿಕ್ಕು ತಿರುಗಿಸಿತು.

ಎರರ್ ಅನ್ನು ಬೆಲೆ ಅಂತ ಓದಿದ್ದು. ನಮ್ಮ -2146826246 ಕೂಡ ಅದೇ ಅಲ್ವಾ? ಹಾಗಾಗಿ ಸೆಲ್ ಓದಿದ ತಕ್ಷಣ ಒಂದು ಪರೀಕ್ಷೆ ಮಾಡಿ. ಆ ಎರರ್ ಸಂಖ್ಯೆಗಳಲ್ಲಿ ಒಂದಾಗಿದ್ದರೆ ನೀವೇ ಒಂದು ಎಕ್ಸೆಪ್ಶನ್ ಎಸೆಯಿರಿ. ಎಕ್ಸೆಲ್ ಎಸೆಯಲಿಲ್ಲ ಅಂತ ನಾವು ಸುಮ್ಮನಿರಬೇಕಾಗಿಲ್ಲ.

ಇದೇ ಸಾಲಿನ ಇನ್ನೊಂದು ಸದ್ದಿಲ್ಲದ ತೊಂದರೆ ಡೈಲಾಗ್ ಬಾಕ್ಸ್. ಎಕ್ಸೆಲ್ 'ಉಳಿಸಬೇಕಾ' ಅಂತ ಕೇಳುತ್ತಾ ಕೂತಿದೆ, ಪರದೆಯ ಮುಂದೆ ಯಾರೂ ಇಲ್ಲ. ನಿಮ್ಮ ಕೋಡ್ ಆ ಸಾಲಿನಲ್ಲೇ ನಿಂತಿದೆ. ಎಕ್ಸೆಪ್ಶನ್ ಇಲ್ಲ, ಲಾಗ್ ಇಲ್ಲ, ಏನೂ ಇಲ್ಲ. 'ಡಿಸ್‌ಪ್ಲೇ ಅಲರ್ಟ್ಸ್' ಅನ್ನು ಫಾಲ್ಸ್ ಮಾಡಿದರೆ ಪ್ರಶ್ನೆಗಳು ನಿಲ್ಲುತ್ತವೆ, ಆದರೆ ಪ್ರಶ್ನೆ ನಿಂತಿತು ಅಂದರೆ ಉತ್ತರ ಎಕ್ಸೆಲ್ ತಾನೇ ಕೊಟ್ಟುಕೊಳ್ಳುತ್ತಿದೆ ಅಂತ ಅರ್ಥ. ಅದೇ ಹೆಸರಿನ ಫೈಲ್ ಮೇಲೆ 'ಸೇವ್ ಆ್ಯಸ್' ಮಾಡಿದರೆ ಹಳೆಯದನ್ನು ಅಳಿಸಿ ಬರೆಯುತ್ತದೆ. ಹಾಗಾಗಿ ಫೈಲ್ ಇದೆಯಾ ಅಂತ ನಾವೇ ಮೊದಲು ನೋಡಬೇಕು. ಇನ್ನೊಬ್ಬರು ತೆರೆದಿಟ್ಟಿರುವ ಫೈಲ್ ಓದಲು ಮಾತ್ರ ಎಂಬಂತೆ ತೆರೆದುಕೊಳ್ಳಬಹುದು. ತೆರೆದ ತಕ್ಷಣ 'ರೀಡ್ ಓನ್ಲಿ' ಗುಣ ನೋಡಿ, ಬರೆಯಬೇಕಾದ ಫೈಲ್ ಆಗಿದ್ದರೆ ಅಲ್ಲೇ ನಿಲ್ಲಿಸಿ. ಪಾಸ್‌ವರ್ಡ್ ಇರಬಹುದಾದ ಫೈಲ್‌ಗೆ ತೆರೆಯುವಾಗಲೇ ಏನಾದರೊಂದು ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಇಲ್ಲದ ಫೈಲ್ ಅದನ್ನು ಲೆಕ್ಕಿಸುವುದಿಲ್ಲ, ಇರುವ ಫೈಲ್ ಕೇಳುತ್ತಾ ಕೂರುವ ಬದಲು ಎರರ್ ಕೊಡುತ್ತದೆ. ಕಾಯುವುದನ್ನು ಎರರ್ ಆಗಿ ಬದಲಾಯಿಸಿಕೊಂಡರೆ ನಮಗೆ ಹಿಡಿಯಲು ಏನಾದರೂ ಸಿಗುತ್ತದೆ. ಆಫೀಸ್ ಅಪ್ಲಿಕೇಶನ್‌ಗಳನ್ನು ಯಾರೂ ಇಲ್ಲದ ಸರ್ವರ್‌ನಲ್ಲಿ ಹೀಗೆ ನಡೆಸಬೇಡಿ ಅಂತ ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ. ಪರದೆಯ ಮುಂದೆ ಮನುಷ್ಯ ಇದ್ದಾನೆ ಅಂದುಕೊಂಡು ಕಟ್ಟಿದ ಸಾಫ್ಟ್‌ವೇರ್ ಅವು.

ಸರಿ, ಫೈನಲಿ. ಮುಂಚೆ ಹೇಳಿದೆನಲ್ಲ, ನನಗೆ ಇದೇ ಮುಖ್ಯ ಅಂತ. ನಿಮ್ಮ ಪ್ರೋಗ್ರಾಂ ಬಿದ್ದುಹೋದರೆ ಅದರ ಮೆಮೊರಿಯನ್ನು ವಿಂಡೋಸ್ ವಾಪಸ್ ತೆಗೆದುಕೊಳ್ಳುತ್ತದೆ. ಎಕ್ಸೆಲ್ ಬೇರೆ ಪ್ರಾಸೆಸ್. ನೀವು ಬಿದ್ದರೂ ಅದು ಪರದೆಯ ಹಿಂದೆ, ಯಾರಿಗೂ ಕಾಣದೆ, ಫೈಲ್ ಹಿಡಿದುಕೊಂಡು ಕೂತಿರಬಹುದು. ಮಾರನೆಯ ದಿನ ಅದೇ ಫೈಲ್ ತೆರೆಯಲು ಹೋದರೆ ಯಾರೋ ಬಳಸುತ್ತಿದ್ದಾರೆ ಅನ್ನುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಒಂದರ ಕೆಳಗೊಂದು ಎಕ್ಸೆಲ್‌ಗಳ ಸಾಲು.

ಹಾಗಾಗಿ ಎಕ್ಸೆಲ್ ಮತ್ತು ವರ್ಕ್‌ಬುಕ್ ವೇರಿಯಬಲ್‌ಗಳನ್ನು ಟ್ರೈಗೆ ಮೊದಲೇ ಖಾಲಿಯಾಗಿ ಇಡಿ. ಟ್ರೈ ಒಳಗೆ ತೆರೆಯಿರಿ. ಫೈನಲಿಯಲ್ಲಿ, ವರ್ಕ್‌ಬುಕ್ ಖಾಲಿ ಇಲ್ಲದಿದ್ದರೆ ಉಳಿಸದೆ ಮುಚ್ಚಿ. ಆಮೇಲೆ 'ಕ್ವಿಟ್'. ಆಮೇಲೆ ರೆಫರೆನ್ಸ್‌ಗಳನ್ನು ಬಿಡಿ. ಡಾಟ್‌ನೆಟ್‌ನಲ್ಲಿ ಬರೀ 'ಕ್ವಿಟ್' ಸಾಕಾಗುವುದಿಲ್ಲ, ನಿಮ್ಮ ಕೈಯಲ್ಲಿ ಒಂದು ರೆಫರೆನ್ಸ್ ಉಳಿದಿದ್ದರೂ ಎಕ್ಸೆಲ್ ಪ್ರಾಸೆಸ್ ಉಳಿದುಬಿಡಬಹುದು. ಡಿಬಗ್ ಮೋಡ್‌ನಲ್ಲಿ ಲೋಕಲ್ ವೇರಿಯಬಲ್‌ಗಳು ಮೆಥಡ್ ಮುಗಿಯುವವರೆಗೆ ಜೀವಂತ ಇರುತ್ತವೆ, ಅದಕ್ಕೇ ಎಕ್ಸೆಲ್ ಕೆಲಸವನ್ನೆಲ್ಲ ಒಂದು ಮೆಥಡ್‌ನಲ್ಲಿ ಇಟ್ಟು ಅದನ್ನು ಕರೆದ ಹೊರಗಿನ ಮೆಥಡ್‌ನಲ್ಲಿ ಗಾರ್ಬೇಜ್ ಕಲೆಕ್ಷನ್, ಅಂದರೆ ಬಳಕೆ ಮುಗಿದ ಆಬ್ಜೆಕ್ಟ್‌ಗಳನ್ನು ಬಿಡಿಸುವ ಕೆಲಸ, ನಡೆಸುವುದು ಒಳ್ಳೆಯದು.

ಈಗ ಇದೇ ಫೈನಲಿ ಒಳಗೆ ಎರರ್ ಬಂದರೆ? ಬರುತ್ತದೆ. ಎಕ್ಸೆಲ್ ಸತ್ತದ್ದರಿಂದಲೇ ನೀವು ಫೈನಲಿಗೆ ಬಂದಿದ್ದರೆ, ಅಲ್ಲಿ 'ಕ್ವಿಟ್' ಅಂದಾಗ ಅದೂ ಎರರ್ ಕೊಡುತ್ತದೆ. ಸಿ ಶಾರ್ಪ್‌ನಲ್ಲಿ ಆ ಹೊಸ ಎಕ್ಸೆಪ್ಶನ್ ಹಳೆಯದರ ಜಾಗದಲ್ಲಿ ಕೂರುತ್ತದೆ. ಲಾಗ್‌ನಲ್ಲಿ 'ಕ್ವಿಟ್ ಆಗಲಿಲ್ಲ' ಅಂತ ಮಾತ್ರ ಇರುತ್ತದೆ, ನಿಜವಾಗಿ ಏನಾಯಿತು ಅನ್ನುವುದು ಹೋಯಿತು. ಅದಕ್ಕೆ ಸ್ವಚ್ಛ ಮಾಡುವ ಪ್ರತಿ ಹೆಜ್ಜೆಗೂ ಅದರದೇ ಸಣ್ಣ ಟ್ರೈ ಕೊಡಿ. ಒಂದು ಸೋತರೆ ಲಾಗ್ ಬರೆದು ಮುಂದಿನದಕ್ಕೆ ಹೋಗಲಿ. ಹಿಡಿದು ಮುಂದೆ ಹೋಗುವುದು ಸರಿ ಅಂತ ನಾನು ಒಪ್ಪುವ ಜಾಗ ಇದೊಂದೇ, ಯಾಕೆಂದರೆ ಇಲ್ಲಿ ಮೊದಲಿನ ಎರರ್ ಆಗಲೇ ಮೇಲಕ್ಕೆ ಹೋಗುತ್ತಿದೆ.

ಮತ್ತೆ, ಯಾರ ಎಕ್ಸೆಲ್ ಅನ್ನು ಮುಚ್ಚುತ್ತಿದ್ದೀರಿ ಅಂತ ನೋಡಿಕೊಳ್ಳಿ. ನೀವು ಹೊಸದಾಗಿ ತೆರೆದದ್ದಾದರೆ ಮುಚ್ಚುವ ಹಕ್ಕು ನಿಮ್ಮದು. ಬಳಕೆದಾರರು ಆಗಲೇ ತೆರೆದಿಟ್ಟಿದ್ದ ಎಕ್ಸೆಲ್‌ಗೆ ಸೇರಿಕೊಂಡಿದ್ದರೆ 'ಕ್ವಿಟ್' ಅನ್ನಬೇಡಿ. ಅವರ ಉಳಿಸದ ಕೆಲಸ ಅಲ್ಲಿದೆ, ನೀವು ಅಲರ್ಟ್ ಬೇರೆ ಆಫ್ ಮಾಡಿದ್ದೀರಿ, ಕೇಳದೆಯೇ ಹೋಗಿಬಿಡುತ್ತದೆ. ಆಗ ಫೈನಲಿಯ ಕೆಲಸ ಇದ್ದದ್ದನ್ನು ಇದ್ದ ಹಾಗೆ ಬಿಟ್ಟು ಬರುವುದು. ಅಲರ್ಟ್, ಈವೆಂಟ್, ಲೆಕ್ಕದ ಮೋಡ್, ಇವುಗಳ ಹಳೆಯ ಬೆಲೆ ಮೊದಲೇ ಬರೆದಿಟ್ಟುಕೊಂಡು ವಾಪಸ್ ಹಾಕಿ. ಎಕ್ಸೆಲ್ ಒಳಗಿನ ಮ್ಯಾಕ್ರೋ ಆದರೆ ಮುಗಿದ ಮೇಲೆ ಅಲರ್ಟ್ ತಾನಾಗಿಯೇ ಟ್ರೂ ಆಗುತ್ತದೆ. ಬೇರೆ ಪ್ರಾಸೆಸ್‌ನಿಂದ ನಡೆಸಿದರೆ ಆಗುವುದಿಲ್ಲ, ನೀವೇ ಮಾಡಬೇಕು. ಎಲ್ಲ ಎಕ್ಸೆಲ್ ಪ್ರಾಸೆಸ್‌ಗಳನ್ನೂ ಹೆಸರು ಹಿಡಿದು ಕೊಲ್ಲುವ ಸ್ಕ್ರಿಪ್ಟ್‌ಗಳನ್ನು ಬಹಳ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ. ಕೊಲ್ಲಲೇಬೇಕು ಅಂದರೆ ತೆರೆದ ತಕ್ಷಣ ಅದರ ವಿಂಡೋ ಹ್ಯಾಂಡಲ್‌ನಿಂದ, ಅಂದರೆ ಆ ವಿಂಡೋಗೆ ವಿಂಡೋಸ್ ಕೊಟ್ಟ ಗುರುತಿನ ಸಂಖ್ಯೆಯಿಂದ, ಪ್ರಾಸೆಸ್ ಸಂಖ್ಯೆ ತೆಗೆದಿಟ್ಟುಕೊಳ್ಳಿ, ಅದೊಂದನ್ನೇ ಮುಗಿಸಿ.

ಎರರ್ ಮೇಲಕ್ಕೆ ಬಿಡುವಾಗ ಅದಕ್ಕೊಂದು ವಿಳಾಸ ಅಂಟಿಸಿ. '1004' ಅಂತ ಮಾತ್ರ ಬಂದರೆ ಓದುವವರು ಏನು ಮಾಡಬೇಕು? ಯಾವ ಫೈಲ್, ಯಾವ ಶೀಟ್, ಯಾವ ಹೆಜ್ಜೆ. ನಾನು 'ಹೆಜ್ಜೆ' ಅಂತ ಒಂದು ವೇರಿಯಬಲ್ ಇಟ್ಟುಕೊಳ್ಳುತ್ತೇನೆ, ಪ್ರತಿ ಮುಖ್ಯ ಸಾಲಿಗೆ ಮೊದಲು ಅದನ್ನು ಬದಲಾಯಿಸುತ್ತೇನೆ: ತೆರೆಯುತ್ತಿದೆ, ಓದುತ್ತಿದೆ, ಬರೆಯುತ್ತಿದೆ. ಹೊಸ ಎಕ್ಸೆಪ್ಶನ್ ಮಾಡಿದರೆ ಹಳೆಯದನ್ನು ಅದರ ಒಳಗೆ ಇಡಿ, ಪೈಥಾನ್‌ನಲ್ಲಿ 'ರೈಸ್ ಫ್ರಮ್'. ಸಿ ಶಾರ್ಪ್‌ನಲ್ಲಿ ಮತ್ತೆ ಎಸೆಯುವಾಗ ಬರೀ 'ಥ್ರೋ' ಅನ್ನಿ, ಹೆಸರು ಸೇರಿಸಿ ಎಸೆದರೆ ಮೂಲ ಸ್ಟ್ಯಾಕ್ ಟ್ರೇಸ್, ಅಂದರೆ ಎರರ್ ಯಾವ ಯಾವ ಸಾಲು ದಾಟಿ ಬಂತು ಅನ್ನುವ ದಾಖಲೆ, ಅಳಿಸಿಹೋಗುತ್ತದೆ.

ಇದನ್ನೆಲ್ಲ ಕಲಿಯುವುದು ಹೇಗೆ ಅಂತ ಒಬ್ಬರು ಮೊದಲೇ ಚೀಟಿ ಕೊಟ್ಟಿದ್ದರು. ಬೇಕೆಂದೇ ಕೆಡಿಸಿ ಕಲಿಯಿರಿ. ಸ್ಕ್ರಿಪ್ಟ್ ಓಡುತ್ತಿರುವಾಗ ಎಕ್ಸೆಲ್ ಅನ್ನು ಕಾಣುವಂತೆ ಮಾಡಿ, ಒಂದು ಸೆಲ್ ಒಳಗೆ ಕ್ಲಿಕ್ ಮಾಡಿ ಟೈಪ್ ಮಾಡುತ್ತಾ ಕೂರಿ. ಯಾವ ಸಂಖ್ಯೆ ಬಂತು ನೋಡಿ. ಒಂದು ಫೈಲ್‌ಗೆ ಪಾಸ್‌ವರ್ಡ್ ಹಾಕಿ, ಒಂದರ ಶೀಟ್ ಹೆಸರು ಬದಲಾಯಿಸಿ, ಒಂದನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದಿಡಿ, ಒಂದು ಸೆಲ್‌ನಲ್ಲಿ ಸೊನ್ನೆಯಿಂದ ಭಾಗಿಸಿ. ಪ್ರತಿ ಸಲವೂ ಮೂರು ಜಾಗ ನೋಡಿ: ಲಾಗ್‌ನಲ್ಲಿ ಏನು ಬರೆದಿದೆ, ಪಟ್ಟಿಯಲ್ಲಿ ಏನು ಬಂದಿದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಎಕ್ಸೆಲ್ ಉಳಿದಿವೆ. ಕೊನೆಗೆ, ಸ್ಕ್ರಿಪ್ಟ್ 20ನೇ ಫೈಲ್‌ನಲ್ಲಿರುವಾಗ ಟಾಸ್ಕ್ ಮ್ಯಾನೇಜರ್‌ನಿಂದ ಎಕ್ಸೆಲ್ ಅನ್ನು ಕೊಂದುಬಿಡಿ. 20ನೇ ಸಾಲಿನಲ್ಲಿ 19ರ ಮೊತ್ತ ಬಂದಿದೆಯಾ ನೋಡಿ. ಬಂದಿದ್ದರೆ ಲೂಪ್‌ನ ಮೊದಲ ಸಾಲಿನಲ್ಲಿ ಮೊತ್ತದ ವೇರಿಯಬಲ್ ಖಾಲಿ ಮಾಡುವುದನ್ನು ಮರೆತಿದ್ದೀರಿ, ಎಲ್ಲೋ ಒಂದು ಕ್ಯಾಚ್ ಎರರ್ ಅನ್ನು ನುಂಗುತ್ತಿದೆ.